ನಾನು ಓದಿ ಬಂದ ಗುಟ್ಟಿನ ಕಡತ

ನನ್ನ ಗಂಟಲು ದೊಡ್ಡದು. ಮೂವತ್ತು ವರ್ಷ ಹಿಟ್ಟಿನ ಮಿಲ್ಲಿನ ಸದ್ದಿನ ನಡುವೆ ಕೂಗಿ ಕೂಗಿ ಮಾತಾಡಿದ ಹೆಂಗಸಿಗೆ ಮೆಲುದನಿ ಎಲ್ಲಿಂದ ಬರಬೇಕು? ಅಡುಗೆಮನೆಯಲ್ಲಿ ನಾನು ಉಪ್ಪೆಲ್ಲಿ ಅಂದರೆ ಬೀದಿಯವರು ತಂದುಕೊಡುತ್ತಾರೆ ಎಂದು ನನ್ನ ಗಂಡ ಹಂಗಿಸುತ್ತಾರೆ. ಅಂಥ ನಾನು ಒಂದು ಸಲ ಮೂರು ತಿಂಗಳು ಒಂದು ವಿಷಯವನ್ನು ಹೊಟ್ಟೆಯೊಳಗೆ ಇಟ್ಟುಕೊಂಡು, ಗಂಡನಿಗೂ ಹೇಳದೆ, ಸಂಘದವರಿಗೂ ಹೇಳದೆ, ಎಲ್ಲರ ಕೈಲೂ ಅನ್ನಿಸಿಕೊಂಡು ಓಡಾಡಿದೆ. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಹೆಮ್ಮೆಯನ್ನು ಒಳಗಿಟ್ಟುಕೊಂಡು ವಿನಯದ ಮುಖ ಹಾಕುವುದು ನನಗೆ ಬರುವುದಿಲ್ಲ, ಆದ್ದರಿಂದ ಮೊದಲೇ ಹೇಳಿಬಿಟ್ಟೆ.

ನಮ್ಮದು ರಾಗಿ, ಅಕ್ಕಿ, ಗೋಧಿ, ಮೆಣಸಿನಪುಡಿ ಬೀಸುವ ಚಿಕ್ಕ ಮಿಲ್ಲು. ಮೂಗೂರಿನಿಂದ ನರಸೀಪುರಕ್ಕೆ ಹೋಗುವ ಕಡೆ, ಊರಿನ ಮನೆಗಳು ಮುಗಿದು ಗದ್ದೆ ಶುರುವಾಗುವ ಜಾಗದಲ್ಲಿದೆ. ಮಾವನವರು ಹಾಕಿಸಿದ್ದು. ಅವರು ಹೋದ ಮೇಲೆ ನನ್ನ ಗಂಡ ಜಮೀನು ಹಿಡಿದರು, ನಾನು ಮಿಲ್ಲು ಹಿಡಿದೆ. ಒಂದು ವರ್ಷ ಯುಗಾದಿ ಎದುರಿಗಿರುವಾಗ ಊರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರು, ಸುಟ್ಟುಹೋಯಿತು. ಮಿಲ್ಲಿನ ತುಂಬ ಜನರ ಚೀಲಗಳು. ನಾನು ಕರೆಂಟಿನವರ ಸೆಕ್ಷನ್ ಆಫೀಸಿಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಕೊನೆಗೆ ಅವರಿಗೇ ಸಾಕಾಗಿ, ನನ್ನ ಮಿಲ್ಲಿನ ಲೈನನ್ನು ಕಾಲುವೆ ಪಕ್ಕ ಗದ್ದೆ ಪಂಪುಗಳಿಗೆಂದು ನಿಲ್ಲಿಸಿದ್ದ ಟಿಸಿಗೆ ಜೋಡಿಸಿ, ತಾತ್ಕಾಲಿಕವಾಗಿ ಜೋಡಿಸಿದ್ದೇವೆ ಎಂದು ಒಂದು ಕಾಗದವನ್ನೂ ಕೊಟ್ಟರು. ಆಮೇಲೆ ಊರಿಗೆ ಹೊಸ ಟಿಸಿ ಬಂತು. ನನ್ನ ಲೈನು ಮಾತ್ರ ಕಾಲುವೆ ಪಕ್ಕದಲ್ಲೇ ಉಳಿಯಿತು. ಆಫೀಸಿನವರ ತಾತ್ಕಾಲಿಕ ಅಂದರೆ ಎಷ್ಟು ವರ್ಷ ಎಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂದಿನಿಂದ ಗದ್ದೆ ಪಂಪಿಗೆ ಯಾವಾಗ ತ್ರೀಫೇಸ್ ಕರೆಂಟು ಬರುತ್ತದೋ ಆಗಲೇ ನನ್ನ ಮಿಲ್ಲೂ ತಿರುಗುವುದು. ಪಂಪಿನ ಸದ್ದು ಕೇಳಿಸಿದರೆ ಸಾಕು, ಹೆಂಗಸರು ರಾಗಿ ಚೀಲ ಹೊತ್ತು ಹೊರಡುತ್ತಾರೆ. ಇದು ಊರಿಗೆಲ್ಲ ಗೊತ್ತಿರುವ ವಿಷಯ. ಕರೆಂಟು ಕೆಟ್ಟಾಗ ಫೋನು ಮಾಡಿದರೆ ಅವರು ಮೊದಲು ಕೇಳುವುದು ಟಿಸಿ ನಂಬರು. ಟಿಸಿ ಕಟ್ಟೆಯ ಕಂಬಕ್ಕೆ ಬಿಳಿ ಬಣ್ಣದಲ್ಲಿ ಬರೆದಿರುತ್ತಾರೆ. ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ಆ ನಂಬರು ಒಪ್ಪಿಸಿ ಒಪ್ಪಿಸಿ, ನನಗೆ ನನ್ನ ಸ್ವಂತ ಫೋನ್ ನಂಬರಿಗಿಂತ ಅದೇ ಸರಾಗವಾಗಿ ಬಾಯಿಗೆ ಬರುತ್ತದೆ.

ಕರೆಂಟಿನ ದರ ಏರಿಸಬೇಕಾದರೆ ಕಂಪನಿಯವರು ದರ ನಿಗದಿ ಮಾಡುವ ಆಯೋಗಕ್ಕೆ ಅರ್ಜಿ ಹಾಕಬೇಕು. ಆಯೋಗ ಆ ಅರ್ಜಿಯನ್ನು ಎಲ್ಲರಿಗೂ ತಿಳಿಸಿ, ತಕರಾರಿದ್ದರೆ ಹೇಳಿ ಅನ್ನುತ್ತದೆ, ಆಮೇಲೆ ಮೈಸೂರಿನಲ್ಲಿ ವಿಚಾರಣೆ ನಡೆಸುತ್ತದೆ. ನಂಜನಗೂಡು ಮತ್ತು ನರಸೀಪುರ ಎರಡೂ ತಾಲೂಕಿನ ಮಿಲ್ಲಿನವರು ಸೇರಿ ಒಂದು ಸಂಘ ಮಾಡಿಕೊಂಡಿದ್ದೆವು. ಅದರಲ್ಲಿ ನಾನೊಬ್ಬಳೇ ಹೆಂಗಸು. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ನನ್ನನ್ನು ಸಹಕಾರ್ಯದರ್ಶಿ ಮಾಡಿದ್ದರು. ಪ್ರತಿ ವರ್ಷ ದರ ಏರಿಸಬೇಡಿ ಎಂದು ಒಂದು ಪುಟದ ಮನವಿ ಬರೆದು ಕಳಿಸುತ್ತಿದ್ದೆವು. ಅವರು ಪ್ರತಿ ವರ್ಷ ಏರಿಸುತ್ತಿದ್ದರು.

ಆ ವರ್ಷ ಮಾತ್ರ ನಾವು ಒಂದು ಗಟ್ಟಿ ಪ್ರಶ್ನೆ ಹಿಡಿದೆವು. ರೈತರ ಪಂಪುಗಳಿಗೆ ಮೀಟರು ಇಲ್ಲ. ಅವು ಎಷ್ಟು ಕರೆಂಟು ಎಳೆಯುತ್ತವೆ ಎಂದು ಯಾರೂ ಒಂದೊಂದಾಗಿ ಅಳೆಯುವುದಿಲ್ಲ. ಬರೀ ಪಂಪುಗಳೇ ಇರುವ ಕೆಲವು ಟಿಸಿಗಳನ್ನು ಆರಿಸಿ, ಅವಕ್ಕೆ ಮಾತ್ರ ಮೀಟರಿಟ್ಟು, ಅದರ ಮೇಲೆ ಇಡೀ ಸೀಮೆಯ ಪಂಪುಗಳ ಲೆಕ್ಕ ಅಂದಾಜು ಮಾಡುತ್ತಾರೆ. ಪಂಪಿನ ಲೆಕ್ಕ ಉಬ್ಬಿದರೆ ಅದರ ಒಂದು ಪಾಲು ನಮ್ಮಂಥ ಮಿಲ್ಲಿನವರ ದರದ ಮೇಲೆ ಬೀಳುತ್ತದೆ. ಆದ್ದರಿಂದ ನಾವು ಕೇಳಿದ್ದು ಇಷ್ಟೇ: ಯಾವ ಯಾವ ಟಿಸಿ ಆರಿಸಿದ್ದೀರಿ, ಪಟ್ಟಿ ತೋರಿಸಿ. ತೋರಿಸುವುದಿಲ್ಲ ಎಂದು ಉತ್ತರ ಬಂತು. ಅಂದಾಜು ಮಾಡಿಕೊಟ್ಟಿದ್ದು ಒಂದು ಖಾಸಗಿ ಸಮೀಕ್ಷೆ ಸಂಸ್ಥೆಯಂತೆ. ಆ ಪಟ್ಟಿ, ಆ ವಿಧಾನ ಎಲ್ಲ ಅವರ ವ್ಯಾಪಾರದ ಗುಟ್ಟಂತೆ, ಹೊರಗೆ ಬಂದರೆ ಬೇರೆ ಸಂಸ್ಥೆಯವರು ಕದ್ದುಬಿಡುತ್ತಾರಂತೆ. ಕಾಲುವೆ ಪಕ್ಕ ಹಗಲೆಲ್ಲ ಬಿಸಿಲಲ್ಲಿ ನಿಂತಿರುವ ಟಿಸಿಯಲ್ಲಿ ಕದಿಯುವಂಥ ಗುಟ್ಟೇನಿದೆಯೋ ನಮಗೆ ಅರ್ಥವಾಗಲಿಲ್ಲ. ಅದನ್ನೇ ಬರೆದು ಕಳಿಸಿದೆವು.

ಆಯೋಗ ಒಂದು ನಡುದಾರಿ ಹುಡುಕಿತು. ತಕರಾರು ಹಾಕಿದ ಸಂಘದಿಂದ ಒಬ್ಬರು, ಒಬ್ಬರೇ, ಕಂಪನಿಯ ನಂಜನಗೂಡಿನ ಕಚೇರಿಯಲ್ಲಿ ಎರಡು ದಿನ ಕೂತು ಆ ಕಡತ ಓದಬಹುದು. ನಕಲು ಮಾಡುವಂತಿಲ್ಲ, ಫೋನು ತರುವಂತಿಲ್ಲ. ಓದಿದ್ದರಲ್ಲಿ ಏನಾದರೂ ಹೇಳುವುದಿದ್ದರೆ ಅಲ್ಲೇ ಬರೆದು ಲಕೋಟೆಗೆ ಹಾಕಿ ಆಯೋಗಕ್ಕೆ ಮಾತ್ರ ಕೊಡಬೇಕು. ಆಯೋಗ ಬೇರೆ ಆದೇಶ ಮಾಡುವವರೆಗೂ ಇನ್ಯಾರಿಗೂ, ತನ್ನನ್ನು ಕಳಿಸಿದ ಸಂಘಕ್ಕೂ, ಹೇಳುವುದಿಲ್ಲ ಎಂದು ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆದುಕೊಡಬೇಕು.

ಯಾರು ಹೋಗಬೇಕು ಎಂಬ ಮಾತು ಬಂತು. ನಮ್ಮ ಅಧ್ಯಕ್ಷರದು ನಂಜನಗೂಡಿನಲ್ಲಿ ಅಕ್ಕಿ ಮಿಲ್ಲು. ಎದೆಯುಬ್ಬಿಸಿ ನಡೆಯುವ, ಎಲ್ಲಿ ಹೋದರೂ ಮೊದಲ ಕುರ್ಚಿ ಹಿಡಿಯುವ ಮನುಷ್ಯ, ಆದರೆ ಕೈ ಎತ್ತಿದರೆ ನಾಲ್ಕು ಜನಕ್ಕೆ ಸಹಾಯ ಮಾಡಿಯೇ ಕೆಳಗಿಳಿಸುವವರು. ಅವರೇ ಹೋಗುತ್ತಿದ್ದರು. ಆದರೆ ಅವರ ತಮ್ಮನವರು ಕರೆಂಟಿನ ಕಂಪನಿಯಲ್ಲಿ ಕಂಬ ನೆಡುವ ಗುತ್ತಿಗೆ ಹಿಡಿದಿದ್ದರು, ಅಂಥವರ ಮನೆಯವರು ಓದುವಂತಿಲ್ಲ ಎಂದು ಆದೇಶದಲ್ಲೇ ಇತ್ತು. ಉಳಿದವರೆಲ್ಲ ಛಾಪಾ ಕಾಗದ ಅಂದ ತಕ್ಷಣ ಚಾವಣಿ ನೋಡತೊಡಗಿದರು.

‘ನಾನು ಓಯ್ತೀನಿ ಬುಡಿ ಅಣ್ಣ,’ ಅಂದೆ.

‘ಲೆಕ್ಕಪತ್ರ ಕಣಮ್ಮ. ಇಂಗ್ಲಿಷಲ್ಲಿರ್ತದೆ.’

‘ಪಿಯುಸಿಲಿ ಇಂಗ್ಲಿಷು ಪಾಸಾಗಿತ್ತು ಅಣ್ಣ. ಕೈ ಕೊಟ್ಟಿದ್ದು ಅರ್ಥಶಾಸ್ತ್ರ.’

ಎಲ್ಲರೂ ನಕ್ಕರು. ಹಾಗೆ ತೀರ್ಮಾನವಾಯಿತು.

ಆ ದಿನ ನಂಜನಗೂಡಿಗೆ ನನ್ನ ಜೊತೆ ಎರಡು ಕಾರು ಹೊರಟವು. ಒಬ್ಬಳು ಓದುವುದಕ್ಕೆ ಒಂಬತ್ತು ಜನ ಯಾಕೆ ಎಂದು ನನಗೂ ಹೊಳೆಯಲಿಲ್ಲ, ಒಂದು ಬೆಂಬಲ ಇರಲಿ ಎಂದು ಬಂದಿದ್ದಾರೆ ಅಂದುಕೊಂಡೆ. ಕಚೇರಿಯ ಎದುರಿನ ಹೋಟೆಲಿನಲ್ಲಿ ಎರಡು ಟೇಬಲ್ಲು ಜೋಡಿಸಿಕೊಂಡು ಕೂತರು. ಅಧ್ಯಕ್ಷರು ನನ್ನನ್ನು ಮೊದಲು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಅರ್ಚನೆ ಮಾಡಿಸಿ, ಪರೀಕ್ಷೆಗೆ ಹೋಗುವ ಮಗುವಿಗೆ ಕೊಡುವ ಹಾಗೆ ಕುಂಕುಮ ಕೊಟ್ಟು ಕಚೇರಿಗೆ ಕಳಿಸಿದರು.

ಒಳಗೆ ಒಂದು ಚಿಕ್ಕ ಕೋಣೆ. ಒಬ್ಬ ಹೆಣ್ಣುಮಗಳು ಎಂಜಿನಿಯರು ಕಾವಲಿಗೆ. ನನ್ನ ಮಗಳ ವಯಸ್ಸು. ಮುಚ್ಚಳಿಕೆಯನ್ನು ಒಂದೊಂದೇ ಸಾಲು ಓದಿ ಹೇಳಿ, ‘ಅರ್ಥ ಆಯ್ತಾ ಮೇಡಂ? ನಿಮ್ಮ ಸಂಘಕ್ಕೂ ಹೇಳೋ ಹಾಗಿಲ್ಲ,’ ಅಂದಳು. ಅರ್ಥವಾಯಿತು ಅಂದೆ. ಸಹಿ ಹಾಕಿದೆ. ಮನೆಯ ಪತ್ರ, ಜಮೀನಿನ ಪತ್ರ, ಬ್ಯಾಂಕಿನ ಪತ್ರ ಎಲ್ಲದಕ್ಕೂ ಗಂಡನ ಕೆಳಗೆ ಸಹಿ ಹಾಕಿದವಳು ನಾನು. ಈ ಒಂದು ಕಾಗದದಲ್ಲಿ ನನ್ನ ಸಹಿ ಒಂದೇ ಇತ್ತು. ಅದನ್ನು ಎರಡು ಸಲ ನೋಡಿಕೊಂಡೆ.

ಕಡತದ ಮೊದಲ ಅರ್ಧ ನನಗೆ ತಲೆಬುಡ ತಿಳಿಯಲಿಲ್ಲ. ಸುಳ್ಳು ಯಾಕೆ ಹೇಳಲಿ? ಮೂರನೇ ಗಂಟೆಗೆ ಟಿಸಿಗಳ ಪಟ್ಟಿ ಬಂತು. ಪುಟದ ಮೇಲೆ ದಪ್ಪಕ್ಷರದಲ್ಲಿ ‘ಪಂಪ್‌ಸೆಟ್ ಮಾತ್ರ’ ಎಂಬರ್ಥದ ಶಿರೋನಾಮೆ. ಕೆಳಗೆ ಬರೀ ನಂಬರುಗಳು, ಪಕ್ಕದಲ್ಲಿ ತಿಂಗಳು ತಿಂಗಳು ಎಳೆದ ಯೂನಿಟ್ಟು. ಬೆರಳಿಟ್ಟುಕೊಂಡು ಇಳಿಯುತ್ತಿದ್ದೆ. ಒಂದು ಕಡೆ ಬೆರಳು ತಾನೇ ನಿಂತಿತು. ಕಣ್ಣಿಗಿಂತ ಮೊದಲು ಬಾಯಿ ಆ ನಂಬರನ್ನು ಗುರುತು ಹಿಡಿದು ಒಳಗೊಳಗೇ ಒಪ್ಪಿಸತೊಡಗಿತ್ತು. ಕಾಲುವೆ ಪಕ್ಕದ ನಮ್ಮ ಟಿಸಿ. ನಾನು ಪ್ರತಿ ತಿಂಗಳು ಬಿಲ್ಲು ಕಟ್ಟಿ ಓಡಿಸುವ ಮಿಲ್ಲಿನ ಕರೆಂಟೆಲ್ಲ ಪಂಪಿನ ಲೆಕ್ಕದಲ್ಲಿ ಕೂತಿತ್ತು.

ಎದ್ದು ಕೂಗಬೇಕು ಅನ್ನಿಸಿತು. ಆ ಹುಡುಗಿ ತಲೆಯೆತ್ತಿ, ‘ನೀರು ಬೇಕಾ?’ ಅಂದಳು. ಬೇಕು ಅಂದೆ. ನೀರು ಕುಡಿದು ಮತ್ತೆ ಪಟ್ಟಿ ಹಿಡಿದೆ. ನಮ್ಮ ಕಡೆ ಭತ್ತ ಕೊಯ್ಲಾದ ಮೇಲೆ ಕೆಲವು ವಾರ ಗದ್ದೆಗೆ ನೀರು ಬೇಕಿಲ್ಲ, ಪಂಪುಗಳು ಮಲಗಿರುತ್ತವೆ. ನಮ್ಮ ಟಿಸಿ ಆಗಲೂ ಎಳೆಯುತ್ತಿತ್ತು, ಯಾಕೆಂದರೆ ಜನ ಆಗಲೂ ಹಿಟ್ಟು ತಿನ್ನುತ್ತಾರೆ. ಹಾಗೆ ಕೊಯ್ಲಿನ ನಂತರವೂ ಮಲಗದ ಟಿಸಿಗಳು ಇನ್ನೆಷ್ಟಿವೆ ಎಂದು ನಮ್ಮ ಎರಡು ತಾಲೂಕಿನದನ್ನು ಮಾತ್ರ ಹುಡುಕಿದೆ. ಹತ್ತಕ್ಕಿಂತ ಹೆಚ್ಚಿದ್ದವು. ಸಮೀಕ್ಷೆಯವರು ಯಾವುದೋ ಕಾಲದ ನಕ್ಷೆ ಮುಂದಿಟ್ಟುಕೊಂಡು ಕೂತಲ್ಲೇ ಪಟ್ಟಿ ಮಾಡಿದ್ದರು. ಒಂದು ಸಲ ಬೈಕಿನಲ್ಲಿ ಕಾಲುವೆ ಏರಿಯ ಮೇಲೆ ಬಂದಿದ್ದರೂ ನನ್ನ ಮಿಲ್ಲು ಅವರ ಕಣ್ಣಿಗೆ ಬೀಳುತ್ತಿತ್ತು, ಇಲ್ಲ ನನ್ನ ದನಿಯಾದರೂ ಕಿವಿಗೆ ಬೀಳುತ್ತಿತ್ತು.

ಸಂಜೆ ಹೊರಗೆ ಬಂದೆ. ಹೋಟೆಲಿನಲ್ಲಿ ಒಂಬತ್ತು ಜನವೂ ಇದ್ದರು. ನನಗೆಂದು ಮಸಾಲೆ ದೋಸೆ ಹೇಳಿ, ಕುರ್ಚಿ ಸರಿಸಿ, ಒಬ್ಬರು ನೋಟ್‌ಬುಕ್ಕು ತೆರೆದು ಪೆನ್ನು ಹಿಡಿದು ಕೂತಿದ್ದರು. ಆಗ ನನಗೆ ತಿಳಿಯಿತು ಅವರೆಲ್ಲ ಯಾಕೆ ಬಂದಿದ್ದಾರೆಂದು. ಗುಟ್ಟಿನ ಕಾಗದ ಅಂದರೆ ಒಳಗಿರುವವರೆಗೆ ಗುಟ್ಟು, ನಮ್ಮವರು ಓದಿ ಬಂದ ಮೇಲೆ ನಮ್ಮದು ಎಂದು ಅವರು ತಿಳಿದಿದ್ದರು. ಮುಚ್ಚಳಿಕೆಯನ್ನು ಅವರೆಲ್ಲ ಓದಿದ್ದರು. ಓದಿಯೂ ಹಾಗೆ ತಿಳಿದಿದ್ದರು.

‘ಏಳಮ್ಮ, ಒಂದೊಂದೇ ಏಳು. ಇವ್ನು ಬರ್ಕತಾನೆ,’ ಅಂದರು ಅಧ್ಯಕ್ಷರು.

‘ಏಳಾಕಾಗಲ್ಲ ಅಣ್ಣ. ಸೈನ್ ಆಕಿವ್ನಿ.’

‘ಸೈನು ಆಕಿರೋದು ಅವ್ರಿಗಲ್ವ. ನಾವು ನಿಮ್ಮೋರು.’

‘ನಿಮ್ಗೂ ಏಳ್ಬಾರ್ದು ಅಂತ್ಲೇ ಬರ್ದವ್ರೆ ಅಣ್ಣ.’

ಅವರು ನಗುತ್ತಲೇ ಇದ್ದರು, ನಾನು ಆಟ ಆಡಿಸುತ್ತಿದ್ದೇನೆ ಅಂದುಕೊಂಡು. ‘ತಪ್ಪೈತಾ ಇಲ್ವಾ, ಅಷ್ಟೇ ಏಳು. ತಲೆ ಆದ್ರೂ ಆಡ್ಸು,’ ಅಂದರು. ನಾನು ತಲೆಯನ್ನೂ ಆಡಿಸಲಿಲ್ಲ. ಕತ್ತು ನೆಟ್ಟಗಿಟ್ಟುಕೊಂಡು ದೋಸೆ ತಿಂದೆ. ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ನೋಟ್‌ಬುಕ್ಕು ಮುಚ್ಚಿತು.

ಮನೆಗೆ ಬಂದವಳೇ ಟ್ರಂಕು ಎಳೆದು, ತಾತ್ಕಾಲಿಕ ಎಂದು ಬರೆದುಕೊಟ್ಟಿದ್ದ ಆ ಹಳೆಯ ಕಾಗದ ಹುಡುಕಿದೆ. ನನ್ನ ಗಂಡ ಬಾಗಿಲಲ್ಲಿ ನಿಂತು, ‘ಏನ್ ಹುಡುಕ್ತಿದ್ದೀಯ?’ ಅಂದರು.

‘ಒಂದು ಕಾಗದ.’

‘ಯಾವ ಕಾಗದ?’

ನಾನು ತಲೆ ಬಗ್ಗಿಸಿ ಹುಡುಕುತ್ತಲೇ ಇದ್ದೆ. ಅವರು ನನ್ನ ಮುಖ ನೋಡಿ, ಇನ್ನೊಂದು ಟ್ರಂಕಿನ ಮೇಲಿದ್ದ ಹಾಸಿಗೆ ಸುರುಳಿಯನ್ನು ಇಳಿಸಿಕೊಟ್ಟು ಹಟ್ಟಿಯ ಕಡೆ ಹೋದರು. ಆಮೇಲೆ ಮೂರು ತಿಂಗಳಲ್ಲಿ ಒಂದು ಸಲವೂ ಕೇಳಲಿಲ್ಲ. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅಪರೂಪ. ಅದನ್ನು ಅವರಿಗೆ ಹೇಳಲಿಲ್ಲ, ಅದು ಬೇರೆ ವಿಷಯ.

ಎರಡನೇ ದಿನ ಒಬ್ಬಳೇ ಹೋದೆ. ನಮ್ಮ ಟಿಸಿಯ ವಿಷಯ, ಅದಕ್ಕೆ ಮಿಲ್ಲು ಜೋಡಿಸುವಂತೆ ಪಟ್ಟುಹಿಡಿದು ಕೂತವಳು ನಾನೇ ಎಂಬ ವಿಷಯ, ಕೊಯ್ಲಿನ ನಂತರವೂ ಮಲಗದ ಉಳಿದ ಟಿಸಿಗಳ ವಿಷಯ, ಎಲ್ಲವನ್ನೂ ಕನ್ನಡದಲ್ಲಿ ನಾಲ್ಕು ಪುಟ ಬರೆದೆ. ಹಳೆಯ ಕಾಗದದ ನಕಲು ಇಟ್ಟೆ. ಆ ಹುಡುಗಿ ನನ್ನೆದುರೇ ಲಕೋಟೆಗೆ ಅರಗು ಹಾಕಿ ಮುದ್ರೆ ಒತ್ತಿದಳು.

ಇನ್ನು ಶುರುವಾಯಿತು ನನ್ನ ಪಾಡು. ಮೊದಲ ವಾರ ಅಧ್ಯಕ್ಷರು ಫೋನು ಮಾಡಿ ಒಲಿಸಿದರು. ಎರಡನೇ ವಾರ ಗದರಿದರು. ಮೂರನೇ ವಾರ ಮಿಲ್ಲಿಗೇ ಬಂದು ಚೀಲಗಳ ನಡುವೆ ಸ್ಟೂಲು ಹಾಕಿಕೊಂಡು ಕೂತು, ಮೆತ್ತಗೆ, ‘ನಾನು ನಿಮ್ಮಣ್ಣ ಇದ್ದಂಗಲ್ವ? ಇಪ್ಪತ್ ಜನ ನನ್ನ ಕೇಳ್ತಾವ್ರೆ. ನಾನು ಏನಂತ ಏಳ್ಲಿ?’ ಅಂದರು. ಗದರಿದ್ದಕ್ಕೆ ಜಗ್ಗದ ನನಗೆ ಈ ಮಾತು ಕಷ್ಟವಾಯಿತು. ಅವರ ಕಣ್ಣಲ್ಲಿ ನಿಜವಾಗಿಯೂ ಸಂಕಟವಿತ್ತು. ಅಣ್ಣ, ನಮ್ಮ ಟಿಸಿನೇ ಅದರಲ್ಲಿದೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಂಪಿನ ಸದ್ದು ಕೇಳಿಸಿತು, ತ್ರೀಫೇಸು ಬಂದಿತ್ತು. ನಾನು ಎದ್ದು ಮೋಟರು ಹಾಕಿಬಿಟ್ಟೆ. ಆ ಸದ್ದಿನಲ್ಲಿ ಅವರ ಮಾತು ನನಗೆ ಕೇಳದು, ನನ್ನ ಮಾತು ಅವರಿಗೆ ಕೇಳದು. ಸ್ವಲ್ಪ ಹೊತ್ತು ಕೂತಿದ್ದು, ಅಂಗಿಯ ಮೇಲಿನ ಹಿಟ್ಟು ಕೊಡವಿಕೊಂಡು ಎದ್ದು ಹೋದರು.

ಮುಂದಿನ ಸಭೆಯಲ್ಲಿ ನನ್ನನ್ನು ಸಹಕಾರ್ಯದರ್ಶಿ ಜಾಗದಿಂದ ತೆಗೆದರು. ಅದೇ ದಿನಗಳಲ್ಲಿ ಕಂಪನಿಯವರು ಜೀಪಿನಲ್ಲಿ ಬಂದು ಕಾಲುವೆ ಪಕ್ಕದ ಟಿಸಿ ಹತ್ತಿ ಇಳಿದು, ಅಳತೆ ಮಾಡಿ, ಫೋಟೋ ಹಿಡಿದುಕೊಂಡು ಹೋದರು. ನನ್ನ ನಾಲ್ಕು ಪುಟ ಆಯೋಗದಿಂದ ಅವರಿಗೆ ಹೋಗಿ, ಅವರು ಪರೀಕ್ಷೆಗೆ ಬಂದಿದ್ದರು ಎಂದು ನನಗೊಬ್ಬಳಿಗೇ ಗೊತ್ತು. ಸಂಘದವರ ಬಾಯಲ್ಲಿ ಅದು ಬೇರೆಯೇ ಆಯಿತು. ಬಾಯಿ ಮುಚ್ಚಿಕೊಂಡಿದ್ದಕ್ಕೆ ಆ ಯಮ್ಮನಿಗೆ ಕಂಪನಿಯವರು ಪ್ರತ್ಯೇಕ ಟಿಸಿ ಹಾಕಿಸಿಕೊಡುತ್ತಾರಂತೆ ಎಂದು ದೂರದ ಹೆಡತಲೆ ಊರಿನವರೆಗೂ ಸುದ್ದಿ ಹೋಯಿತು. ನಾನು ಆ ದಿನ ಮಿಲ್ಲಿನ ಹಿಂದೆ ನಿಂತು ಅತ್ತೆ. ಅಳು ಬಂದದ್ದು ಸಿಟ್ಟಿಗೆ. ಒಂದು ಮಾತು ಹೇಳಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು, ಆ ಒಂದು ಮಾತು ನನ್ನ ಹತ್ತಿರವೇ ಇತ್ತು.

ಯಾಕೆ ಹೇಳಲಿಲ್ಲ ಎಂದು ಈಗಲೂ ಕೆಲವರು ಕೇಳುತ್ತಾರೆ. ಛಾಪಾ ಕಾಗದದ ಭಯ ಅಂದುಕೊಳ್ಳುತ್ತಾರೆ. ಭಯ ಸ್ವಲ್ಪ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಕಸುಬನ್ನು ನೋಡಿ. ಊರಿನಲ್ಲಿ ಯಾರ ಮನೆಯಲ್ಲಿ ರೇಷನ್ ಅಕ್ಕಿಯ ಹಿಟ್ಟು, ಯಾರ ಮನೆಯಲ್ಲಿ ಹೊಸ ರಾಗಿಯ ಹಿಟ್ಟು, ಸೊಸೆ ಬೇರೆ ಒಲೆ ಹೂಡಿದಳೋ ಇಲ್ಲವೋ, ಎಲ್ಲ ಚೀಲ ಬಿಚ್ಚಿದ ತಕ್ಷಣ ನನಗೆ ತಿಳಿಯುತ್ತದೆ. ದೊಡ್ಡ ಮನೆಯ ಹೆಂಗಸೊಬ್ಬಳು ಒಂದು ಕಾಲದಲ್ಲಿ ನುಚ್ಚು ತಂದು ಬೀಸಿಸಿಕೊಂಡು ಹೋಗುತ್ತಿದ್ದಳು. ಮಾವನವರು ನನಗೆ ಮಿಲ್ಲು ಕಲಿಸುವಾಗ ಮೊದಲು ಹೇಳಿದ್ದು ಅದನ್ನೇ: ಕಂಡದ್ದು ಕಲ್ಲಿನ ಕೆಳಗೆ ಹೋಗಬೇಕು, ಬಾಯಿಂದ ಆಚೆ ಬರಬಾರದು. ನಾನು ಸದ್ದು ಮಾಡುವವಳು ಹೌದು, ಸುದ್ದಿ ಮಾಡುವವಳಲ್ಲ. ಕಂಪನಿಯ ಗುಟ್ಟು ನನಗೆ ಇಷ್ಟವಿರಲಿಲ್ಲ, ಅದು ಗುಟ್ಟಾಗಬೇಕಾದ್ದೇ ಅಲ್ಲ ಎಂದು ಈಗಲೂ ಅನ್ನುತ್ತೇನೆ. ಆದರೂ ಇಟ್ಟುಕೊಳ್ಳುತ್ತೇನೆ ಎಂದು ಒಪ್ಪಿಕೊಂಡವಳು ನಾನು.

ವಿಚಾರಣೆಯ ದಿನ ಮೈಸೂರಿನ ಸಭಾಂಗಣ ತುಂಬಿತ್ತು. ನಮ್ಮ ಸಂಘದವರು ಹಿಂದಿನ ಸಾಲುಗಳಲ್ಲಿ ಕೂತಿದ್ದರು. ನನ್ನನ್ನು ನೋಡಿದರೂ ಪಕ್ಕದಲ್ಲಿ ಜಾಗ ಮಾಡಲಿಲ್ಲ. ನಾನು ಮುಂದೆ ಒಬ್ಬಳೇ ಕೂತೆ. ನನ್ನ ಸರದಿ ಬರುವ ಮೊದಲೇ ಕಂಪನಿಯ ವಕೀಲರು ಎದ್ದರು. ಈ ಮಹಿಳೆಯ ಟಿಪ್ಪಣಿಯನ್ನು ಆಯೋಗ ಓದಲೇಬಾರದು, ಇವರು ಮುಚ್ಚಳಿಕೆ ಮುರಿದಿದ್ದಾರೆ ಅಂದರು. ಕಾರಣವನ್ನೂ ಕೊಟ್ಟರು. ಇದೇ ಸಂಘದ ಇಬ್ಬರು ಸದಸ್ಯರು ಪ್ರತ್ಯೇಕವಾಗಿ ತಕರಾರು ಕಳಿಸಿ, ಪಂಪಿನ ಟಿಸಿಗಳಿಗೆ ಮಿಲ್ಲುಗಳೂ ಜೋಡಣೆಯಾಗಿವೆ ಎಂದು ಬರೆದಿದ್ದಾರೆ, ಇವರು ಓದಿ ಬಂದು ಹೇಳದಿದ್ದರೆ ಅವರಿಗೆ ಹೇಗೆ ತಿಳಿಯಿತು ಎಂದು ಕೇಳಿದರು.

ಆಯೋಗದ ಪೀಠದಲ್ಲಿದ್ದವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ‘ನೀವು ಯಾರಿಗಾದರೂ ಹೇಳಿದ್ದೀರಾ?’

‘ಇಲ್ಲ ಸಾರ್. ಪಂಪಿನ ಟಿಸಿಗೆ ಮಿಲ್ಲು ಜೋಡ್ಸಿರೋದು ಊರೋರಿಗೆಲ್ಲ ಗೊತ್ತು ಸಾರ್. ಕಣ್ಣಿಗೆ ಕಾಣ್ತದೆ. ಪಟ್ಟಿ ವಿಷಯ ನಾನು ಯಾರ್ಗೂ ಹೇಳಿಲ್ಲ.’

‘ಅವರೇ ಹೇಳಿದರೆ ಸಾಕೇ? ಪುರಾವೆ ಏನು?’ ಅಂದರು ವಕೀಲರು.

ಹೇಳಿದ್ದಕ್ಕಾದರೆ ಪುರಾವೆ ಇರುತ್ತದೆ. ಹೇಳದೆ ಇದ್ದದ್ದಕ್ಕೆ ಎಲ್ಲಿಂದ ತರುವುದು? ಮೂರು ತಿಂಗಳು ಕಾಪಾಡಿಕೊಂಡದ್ದು ಒಂದು ನಿಮಿಷದಲ್ಲಿ ಮಣ್ಣುಪಾಲಾಗುತ್ತದೆ ಅನ್ನಿಸಿತು. ಟಿಪ್ಪಣಿ ಹೋಗುತ್ತದೆ, ದರ ಏರುತ್ತದೆ, ಮೇಲೆ ನನ್ನ ಮೇಲೆ ಕೇಸು. ಆ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ನಮ್ಮ ಸಂಘದ ಅಧ್ಯಕ್ಷರು ಎದ್ದು ನಿಂತಿದ್ದರು. ಮುಖ ಕೆಂಪಾಗಿತ್ತು. ವಕೀಲರು ಆಡಿದ ಮಾತು ಅವರ ತಲೆಗೆ ಹೋಗಿತ್ತೋ ಇಲ್ಲವೋ, ಅವರು ಮನೆಯಿಂದಲೇ ಸಿದ್ಧ ಮಾಡಿಕೊಂಡು ಬಂದ ದೂರು ಹೇಳಲು ಎದ್ದಿದ್ದರು.

‘ಸಾ, ಈ ಯಮ್ಮನ ಮೇಲೆ ನಂದೊಂದು ಕಂಪ್ಲೇಂಟ್ ಐತೆ,’ ಅಂದರು. ಹೇಳಿ ಎಂದು ಪೀಠದವರು ಕೈ ತೋರಿಸಿದರು.

‘ಓದ್ಕಂಡು ಬಾರಮ್ಮ ಅಂತ ನಾವೇ ಕಾರ್ ಮಾಡಿ ಕಳ್ಸುದ್ವಿ ಸಾ. ಮೂರ್ ತಿಂಗ್ಳಾಯ್ತು. ಒಂದಕ್ಷರ ಬಾಯಿ ಬುಟ್ಟಿಲ್ಲ. ಕೈ ಮುಗ್ದು ಕೇಳ್ದೊ, ಬೈದೊ, ಸೆಕ್ರೆಟ್ರಿಯಿಂದ ತೆಗ್ದೊ. ಮಿಲ್ ತಾವ್ಕೆ ಓಗಿ ಕೇಳುದ್ರೆ ಮೋಟ್ರು ಆಕ್ಬುಟ್ಳು ಸಾ. ಅವ್ರ ಯಜಮಾನ್ರುನ್ನೂ ನರಸೀಪುರ್ದಲ್ಲಿ ಇಡ್ಕಂಡು ಕೇಳ್ದೆ. ಅವ್ರ್ಗೂ ಏಳಿಲ್ವಂತೆ. ಇಂತೋರ್ನ ಕಳ್ಸಿ ನಮ್ಗೇನ್ ಬಂತು ಸಾ? ಬೇರೇರ್ನ ಕಳ್ಸಾಕೆ ಪರ್ಮಿಶನ್ ಕೊಡಿ.’

ಸಭಾಂಗಣದಲ್ಲಿ ಎಲ್ಲೋ ಒಬ್ಬರು ನಕ್ಕರು, ಅದು ಸಾಲಿನಿಂದ ಸಾಲಿಗೆ ಹರಡಿತು. ಪೀಠದಲ್ಲಿದ್ದವರು ನಗಲಿಲ್ಲ. ಅವರು ಅಧ್ಯಕ್ಷರ ಮಾತನ್ನು ಒಂದೊಂದಾಗಿ ಬರೆಸಿದರು, ಸೆಕ್ರೆಟರಿಯಿಂದ ತೆಗೆದದ್ದನ್ನೂ ಬರೆಸಿದರು. ಬರೆಸಿ, ವಕೀಲರ ಕಡೆ ತಿರುಗಿ, ‘ಪುರಾವೆ ಕೇಳಿದ್ರಲ್ಲ,’ ಅಂದರು. ವಕೀಲರು ಕೂತರು.

ನಮ್ಮ ಅಧ್ಯಕ್ಷರು ಮಾತ್ರ ಇನ್ನೂ ನಿಂತೇ ಇದ್ದರು. ತಾವೇನು ಮಾಡಿದೆವು ಎಂದು ಅವರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದಾಗ ಅವರು ನನ್ನನ್ನು ನೋಡಿದ ನೋಟ ಇಂದಿಗೂ ಕಣ್ಣಮುಂದಿದೆ. ಸಿಟ್ಟು, ನಾಚಿಕೆ, ನಗು, ಮೂರೂ ಒಟ್ಟಿಗೆ ಆ ಮುಖದಲ್ಲಿ ಜಾಗಕ್ಕೆ ಕಿತ್ತಾಡುತ್ತಿದ್ದವು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ. ಬದುಕಿನಲ್ಲಿ ಅಷ್ಟು ನೆಟ್ಟಗೆ ಯಾವ ಕುರ್ಚಿಯಲ್ಲೂ ಕೂತಿಲ್ಲ.

ಆದೇಶ ಬಂತು. ಪಟ್ಟಿಯನ್ನು ಎಲ್ಲರಿಗೂ ತೆರೆದು ತೋರಿಸಬೇಕು, ಬೇರೆ ಜೋಡಣೆ ಇರುವ ಟಿಸಿಗಳನ್ನು ಬಿಟ್ಟು ಪಂಪಿನ ಲೆಕ್ಕ ಹೊಸದಾಗಿ ಮಾಡಬೇಕು, ಅಲ್ಲಿಯವರೆಗೆ ಚಿಕ್ಕ ಮಿಲ್ಲುಗಳ ದರ ಏರಿಸುವಂತಿಲ್ಲ ಎಂದು ಅದರಲ್ಲಿತ್ತು. ಪಟ್ಟಿ ತೆರೆದ ದಿನ ನಾನು ಮೊದಲು ನನ್ನ ಗಂಡನಿಗೆ ಹೇಳಿದೆ. ಅವರು ಕೇಳಿ, ‘ಟ್ರಂಕಲ್ಲಿ ಹುಡುಕ್ತಿದ್ದ ಕಾಗದ ಅದಾ,’ ಅಂದು ಎಲೆಅಡಿಕೆಗೆ ಕೈ ಹಾಕಿದರು.

ಈ ವರ್ಷ ಮತ್ತೆ ದರದ ಅರ್ಜಿ ಬಿದ್ದಿದೆ. ಈ ಸಲ ಗುಟ್ಟು ಬೇರೆ, ಯಾವುದೋ ಖಾಸಗಿ ಸ್ಥಾವರದಿಂದ ಕರೆಂಟು ಕೊಳ್ಳುವ ಒಪ್ಪಂದ. ಒಬ್ಬರು ಬಂದು ಓದಬಹುದು ಎಂದು ಆಯೋಗ ಹೇಳಿದೆ. ಕಳೆದ ತಿಂಗಳು ನಂಜನಗೂಡಿನಲ್ಲಿ ಸಭೆ ನಡೆಯಿತು. ಹೊಸದಾಗಿ ಸೇರಿದ ಮಿಲ್ಲಿನವರೊಬ್ಬರು, ನಾನು ಹೋಗುತ್ತೇನೆ, ಓದಿ ಬಂದು ಎಲ್ಲವನ್ನೂ ವಿವರವಾಗಿ ಹೇಳುತ್ತೇನೆ ಎಂದು ಹುರುಪಿನಿಂದ ಕೈಯೆತ್ತಿದರು. ಅಧ್ಯಕ್ಷರು ಅವರನ್ನು ಕೂರಲು ಹೇಳಿ, ನನ್ನ ಕಡೆ ಕೈ ತೋರಿಸಿದರು.

‘ಆ ಯಮ್ಮ ಓಗ್ಲಿ,’ ಅಂದರು. ‘ಬಂದು ನಮ್ಗೇನೂ ಏಳಾಕಿಲ್ಲ. ಅದ್ಕೇ ಆ ಯಮ್ಮನೇ ಓಗ್ಬೇಕು.’